ಮೇಲಿನ ಕೋಣೆಯ ಗೋಡೆ ತಾರಸಿಗೆ ಕೂಡುವ ಸಂದಿನಲ್ಲಿ ಸೋರಿಕೆ, ಮೂರು ಸಲ ಮಾಡಿಸಿದರೂ ನಿಂತಿಲ್ಲ

ಸಾಗರದ ಮನೆಯವಳು · ಜನವರಿ 11

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ವಿವರ ಬಿಟ್ಟರೆ ನಿಮಗೆ ಹೇಳುವುದು ಕಷ್ಟ ಆಗಬಹುದು.

ನಮ್ಮ ಮನೆ ಸಾಗರ ಪೇಟೆಯಿಂದ ಸ್ವಲ್ಪ ಹೊರಗಿದೆ. ಕೆಳಗಿನ ಮನೆ ಕಟ್ಟಿದ್ದು 2008ರಲ್ಲಿ. ಮೇಲೆ ಆರ್‌ಸಿಸಿ ಮೋಲ್ಡ್ (ಕಾಂಕ್ರೀಟ್ ಚಾವಣಿ). 2019ರಲ್ಲಿ ಅದರ ಮೇಲೆ ಒಂದು ಕೋಣೆ ಕಟ್ಟಿಸಿದೆವು. ಉಳಿದದ್ದು ತೆರೆದ ತಾರಸಿ, 14 ಅಡಿಗೆ 18 ಅಡಿ. ಕೋಣೆಗೂ ತಾರಸಿಗೂ ನಡುವೆ 14 ಅಡಿ ಉದ್ದದ ಗೋಡೆ ಇದೆ, 8 ಇಂಚಿನ ಸಿಮೆಂಟ್ ಬ್ಲಾಕಿನದು. ಅದರ ಮಧ್ಯದಲ್ಲಿ ಬಾಗಿಲು. ಈ ಗೋಡೆಯ ಬುಡ ತಾರಸಿಗೆ ಕೂಡುವ ಗೆರೆಯೇ ನಮ್ಮ ತಲೆನೋವು.

ಆರಿದ್ರಾ ಮಳೆ ಹಿಡಿದು ಎರಡು ದಿನ ಆದರೆ ಮೇಲಿನ ಕೋಣೆಯ ಒಳಗೆ ಗೋಡೆಯ ಬುಡದ ಒಂದು ಅಡಿ ಬಣ್ಣ ಉಬ್ಬುತ್ತದೆ. ನೆಲದ ಟೈಲ್ಸಿನ ಸಂದುಗಳು ಕಪ್ಪಾಗುತ್ತವೆ. ಆಮೇಲೆ ಕೆಳಗೆ ಅಪ್ಪನ ಕೋಣೆಯ ಚಾವಣಿಯಲ್ಲಿ ಒದ್ದೆ ಗೆರೆ ಮೂಡಿ ಹನಿ ಶುರುವಾಗುತ್ತದೆ. ಒಂದು ವಿಚಿತ್ರ ಏನೆಂದರೆ, ಮಳೆ ಪೂರ್ತಿ ಬಿಟ್ಟು ಬಿಸಿಲು ಬಂದರೂ ಮೂರು ನಾಲ್ಕು ದಿನ ಹನಿ ನಿಲ್ಲುವುದಿಲ್ಲ.

ಇದುವರೆಗೆ ಮಾಡಿಸಿದ್ದು ಇಷ್ಟು. 2020ರಲ್ಲಿ ಸಂದಿಗೆ ಸಿಮೆಂಟಿನ ಜೊತೆ ವಾಟರ್‌ಪ್ರೂಫ್ ದ್ರಾವಣ ಕಲಸಿ ಮೆತ್ತಿದರು. ಮುಂದಿನ ಬೇಸಿಗೆಯಲ್ಲೇ ಕೂದಲೆಳೆ ಬಿರುಕು ಬಂತು. 2021ರಲ್ಲಿ ಸಿಲಿಕೋನ್ ಹಾಕಿದರು. ಮಳೆಗಾಲದ ಕೊನೆಗೆ ರಿಬ್ಬನ್ ಥರ ಎದ್ದು ಬಂತು. 2022ರಲ್ಲಿ ಇಡೀ ತಾರಸಿಗೆ ಬಿಳಿ ಲೇಪ ಹಾಕಿಸಿದೆವು, ಗೋಡೆಗೂ ಒಂದು ಅಡಿ ಹತ್ತಿಸಿದರು. 22,000 ರೂಪಾಯಿ ಆಯಿತು. ಐದು ವರ್ಷ ಗ್ಯಾರಂಟಿ ಅಂದಿದ್ದರು. ಎರಡನೇ ಬೇಸಿಗೆಗೆ ಅಲ್ಲಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದು ಒಡೆಯಿತು. ಈಗ ಫೋನ್ ಎತ್ತುವುದಿಲ್ಲ.

ಈಗ ಒಬ್ಬರು ಬೆಂಕಿ ಹಿಡಿದು ಅಂಟಿಸುವ ಟಾರು ಹಾಳೆ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು ಕೆಳಗಿನಿಂದ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಕೊಡೋಣ ಅನ್ನುತ್ತಾರೆ. ಅಕ್ಕಪಕ್ಕದವರೆಲ್ಲ "ಸುಮ್ನೆ ಶೀಟು ಹಾಕಿಸಿಬಿಡಿ" ಅನ್ನುತ್ತಾರೆ. ಅಪ್ಪನಿಗೆ 74 ವರ್ಷ, ಉಬ್ಬಸ ಇದೆ. ಕಳೆದ ಮಳೆಗಾಲದಲ್ಲಿ ಅವರ ಮಂಚದ ಮೇಲಿನ ಚಾವಣಿಯಲ್ಲಿ ಕಪ್ಪು ಬೂಸ್ಟು ಕಟ್ಟಿತು. ಮಂಚ ಎಳೆದು ಹಾಲ್‌ಗೆ ಹಾಕಿದೆವು. ಅವರು ಏನೂ ಹೇಳಲಿಲ್ಲ. ಆದರೆ ರಾತ್ರಿ ಎದ್ದಾಗ ಕತ್ತಲಲ್ಲಿ ತಡಕಾಡುತ್ತಾರೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಮೇ ತಿಂಗಳ ಒಳಗೆ ಇದನ್ನು ಮುಗಿಸಬೇಕು. ನಾಲ್ಕನೇ ಸಲ ದುಡ್ಡು ಕಳೆದುಕೊಳ್ಳುವ ಶಕ್ತಿ ಇಲ್ಲ. ಯಾವುದನ್ನು ಮಾಡಿಸಲಿ?

ಬೆಂಗಳೂರು ವಿಜಯನಗರ · ಜನವರಿ 11

ನಮ್ಮ ಮನೆಯಲ್ಲೂ ಇದೇ ಆಗಿತ್ತು, ಮೆಟ್ಟಿಲು ಕೋಣೆಯ ಗೋಡೆ ತಾರಸಿಗೆ ಸೇರುವಲ್ಲಿ. ಪಿಯು (ಪಾಲಿಯುರೆಥೇನ್) ಲೇಪ ಹಾಕಿಸಿದೆ, ನಡುವೆ ಬಲೆ ಇಟ್ಟು. ನಾಲ್ಕು ವರ್ಷ ಆಯಿತು, ಹನಿ ಬಂದಿಲ್ಲ. ರಬ್ಬರ್ ಥರ ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಬಿಸಿಲಿಗೆ ಬಿರುಕು ಬಿಡುವುದಿಲ್ಲ. ಸ್ವಲ್ಪ ದುಬಾರಿ. ಅದನ್ನೇ ಮಾಡಿಸಿ ಮೇಡಂ.

ಕುಂದಾಪುರದ ಕಡಲ ಕಡೆ · ಜನವರಿ 12

ನಿಮ್ಮ ಅಕ್ಕಪಕ್ಕದವರು ಹೇಳುವುದು ತಪ್ಪಲ್ಲ ಮಾರಾಯ್ರೆ. ನಮ್ಮಲ್ಲಿ ತಾರಸಿ ಇದ್ದ ಮನೆಗೆಲ್ಲ ಮೇಲೊಂದು ಶೀಟು ಇದ್ದೇ ಇರುತ್ತದೆ. ಅಡಿಕೆ ಒಣಗಿಸಲಿಕ್ಕೂ ಬಟ್ಟೆ ಹಾಕಲಿಕ್ಕೂ ಆಗುತ್ತದೆ. ಆದರೆ ಒಂದು ವಿಷಯ ನನ್ನ ಮನೆಯ ಅನುಭವದಿಂದ ಹೇಳುತ್ತೇನೆ. ನನ್ನದು ಕೆಂಪುಕಲ್ಲಿನ ಗೋಡೆ. ಶೀಟನ್ನು ಆ ಗೋಡೆಗೆ ತಾಗಿಸಿ ಹೊಡೆದರು, ಸಂದಿಗೆ ಸಿಮೆಂಟ್ ಮೆತ್ತಿದರು. ಗಾಳಿಗೆ ಶೀಟು ಅದುರುತ್ತದೆ, ಸಿಮೆಂಟ್ ಅದುರುವುದಿಲ್ಲ. ಒಂದೇ ಮಳೆಗಾಲದಲ್ಲಿ ಸಂದು ಬಾಯಿ ಬಿಟ್ಟು ಗೋಡೆಯುದ್ದಕ್ಕೂ ನೀರು ಇಳಿಯಿತು.

ಆಮೇಲೆ ಸರಿ ಮಾಡಿದ್ದು ಹೀಗೆ: ಶೀಟಿನ ಮೇಲೆ ಗೋಡೆಯಲ್ಲಿ ಅಡ್ಡಕ್ಕೆ ಗಾಡಿ (ಸಣ್ಣ ಸೀಳು) ಕೊಯ್ದು, ತಗಡಿನ ಪಟ್ಟಿಯ ಮೇಲಂಚನ್ನು ಅದರೊಳಗೆ ತೂರಿಸಿದೆವು. ಕೆಳಂಚು ಶೀಟಿನ ಮೇಲೆ ಸುಮ್ಮನೆ ಕುಳಿತಿದೆ, ಅಂಟಿಸಿಲ್ಲ. ಈಗ ಶೀಟು ಎಷ್ಟು ಅಲ್ಲಾಡಿದರೂ ತೊಂದರೆ ಇಲ್ಲ. ಶೀಟು ಹಾಕಿಸಿದರೂ ಗೋಡೆಯ ಸಂದು ನಿಮ್ಮನ್ನು ಬಿಡುವುದಿಲ್ಲ ಅಂತ ತಿಳಿಸಲು ಇಷ್ಟು ಬರೆದೆ. ಶೀಟಿನ ಅಂಚಿನಿಂದ ಎರಚಲು ಬಂದರೆ ಆ ತಾರಸಿ ಹೇಗೂ ಒದ್ದೆಯಾಗುತ್ತದೆ.

ಶಿರಸಿ ಮೇಸ್ತ್ರಿ · ಜನವರಿ 12

ಅಕ್ಕಾ, ನಾನು ಗಾರೆ ಕೆಲಸ ಹಿಡಿದು 31 ವರ್ಷ ಆಯಿತು. ಈಗಲೇ ಯಾವುದನ್ನೂ ಮಾಡಿಸಬೇಡಿ. ನಿಮ್ಮ ಬರಹದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಮಳೆ ಬಿಟ್ಟ ಮೇಲೂ ಮೂರು ನಾಲ್ಕು ದಿನ ಹನಿ ಬೀಳುತ್ತದೆ ಅಂದಿರಿ. ಸಂದಿನ ಬಿರುಕಿನಿಂದ ನೇರವಾಗಿ ಇಳಿಯುವ ನೀರಾದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ಅದೂ ಕಡಿಮೆ ಆಗಬೇಕು. ಎಲ್ಲೋ ನೀರು ಕೂಡಿಕೊಂಡಿದೆ, ಅದು ನಿಧಾನವಾಗಿ ಬರುತ್ತಿದೆ.

ಎರಡು ಪ್ರಶ್ನೆ. 2019ರಲ್ಲಿ ಕೋಣೆ ಕಟ್ಟುವಾಗ ತಾರಸಿಯ ಮೇಲೆ ಇಟ್ಟಿಗೆ ಜಲ್ಲಿ ಗಾರೆ ಮೊದಲೇ ಇತ್ತಾ? ಇದ್ದರೆ ಗೋಡೆಯ ಸಾಲಿನಲ್ಲಿ ಅದನ್ನು ಒಡೆದು ತೆಗೆದು, ಮೋಲ್ಡಿನ ಮೇಲೇ ಬ್ಲಾಕ್ ಕೂರಿಸಿದರಾ, ಇಲ್ಲ ಆ ಗಾರೆಯ ಮೇಲೇ ಕೂರಿಸಿದರಾ?

ನೆನಪಿಲ್ಲದಿದ್ದರೆ ಹೀಗೆ ನೋಡಿ. ಗೋಡೆಗೆ ತಾಗಿದಂತೆ ತಾರಸಿಯಲ್ಲಿ ಒಂದು ಅಡಿ ಚೌಕ ಗುಂಡಿ ಒಡೆಸಿ. ಉಳಿ ಸುತ್ತಿಗೆಯಲ್ಲಿ ಮೆಲ್ಲಗೆ, ಮೋಲ್ಡು ಸಿಗುವ ತನಕ. ದೊಡ್ಡ ಬ್ರೇಕರ್ ಬೇಡ, ಮೋಲ್ಡು ಅದುರಬಾರದು. ಆಮೇಲೆ ಗೋಡೆಯಿಂದ 4 ಅಡಿ ದೂರಕ್ಕೆ ಜೇಡಿಮಣ್ಣಿನ ಕಟ್ಟೆ ಕಟ್ಟಿ. ಆಚೆ ಬದಿಯಲ್ಲಿ ಮಳೆನೀರು ಹೋಗುವ ಪೈಪಿನ ಬಾಯಿ ಮುಚ್ಚಿ 2 ಇಂಚು ನೀರು ನಿಲ್ಲಿಸಿ. ಗೋಡೆಯ ಕಡೆ ಒಂದು ಹನಿಯೂ ಬೀಳಬಾರದು. ಗುಂಡಿಯನ್ನು ನೋಡುತ್ತಾ ಇರಿ.

ಅದು ಒಣಗಿದ ಮೇಲೆ ಇನ್ನೊಂದು ದಿನ ಬರೀ ಗೋಡೆಗೆ ಪೈಪಿನಲ್ಲಿ ನೀರು ಹೊಡೆಯಿರಿ, ಒಂದು ತಾಸು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಕಡೆಗೂ ನೀರು ಇಳಿದು ಯಾವ ಜಾಗ ಅಂತ ಗೊತ್ತಾಗುವುದಿಲ್ಲ. ಗುಂಡಿಗೆ ನೀರು ಬೀಳದ ಹಾಗೆ ಪ್ಲಾಸ್ಟಿಕ್ ಕಟ್ಟಿ.

ಎರಡನ್ನೂ ಒಂದೇ ದಿನ ಮಾಡಬೇಡಿ. ಆತುರ ಬೇಡ. ಜನವರಿ ಇದೆ, ಸಮಯ ಇದೆ.

ಸಾಗರದ ಮನೆಯವಳು · ಜನವರಿ 20

ಮೇಸ್ತ್ರಿಯವರೇ, ನೀವು ಹೇಳಿದ ಹಾಗೆಯೇ ಮಾಡಿದೆ. ನೋಡಿದ ಮೇಲೆ ಎರಡು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಗುಂಡಿ ಒಡೆಸಿದಾಗ ಮೋಲ್ಡು ಸಿಕ್ಕಿದ್ದು ನಾಲ್ಕೂವರೆ ಇಂಚು ಕೆಳಗೆ. ಮೇಲೆ ಒಂದು ಪದರ ಗಟ್ಟಿ ಸಿಮೆಂಟ್, ಅದರ ಕೆಳಗೆ ಇಟ್ಟಿಗೆ ಜಲ್ಲಿ. ಜಲ್ಲಿಯನ್ನು ಕೈಯಲ್ಲಿ ಹಿಡಿದರೆ ಒದ್ದೆ. ಜನವರಿಯಲ್ಲಿ! ನವೆಂಬರಿನಿಂದ ನಮ್ಮಲ್ಲಿ ಮಳೆಯೇ ಇಲ್ಲ. ಗೋಡೆಯ ಮೊದಲ ಸಾಲಿನ ಬ್ಲಾಕ್ ಆ ಜಲ್ಲಿಯ ಮೇಲೆಯೇ ಕುಳಿತಿದೆ. ಜಲ್ಲಿ ಗೋಡೆಯ ಅಡಿಯಿಂದ ಹಾದು ಕೋಣೆಯ ಒಳಗೆ ಹೋಗಿದೆ.

ಬೆಳಿಗ್ಗೆ 9 ಗಂಟೆಗೆ ಆಚೆ ಬದಿಯಲ್ಲಿ ನೀರು ನಿಲ್ಲಿಸಿದೆ. ಕಟ್ಟೆಗೂ ಗೋಡೆಗೂ ನಡುವಿನ ನಾಲ್ಕು ಅಡಿ ಮೇಲ್ಭಾಗ ಒಣಗಿಯೇ ಇತ್ತು, ಬರಿಗಾಲಲ್ಲಿ ನಡೆದು ನೋಡಿದೆ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಗುಂಡಿಯ ತಳ ಹೊಳೆಯುತ್ತಿತ್ತು. ಸಂಜೆಗೆ ಎರಡು ಬೆರಳು ನೀರು ನಿಂತಿತ್ತು, ಜಲ್ಲಿಯ ಸಂದಿನಿಂದ ಒರತೆಯ ಹಾಗೆ ಬರುತ್ತಿತ್ತು. ಮಾರನೇ ದಿನ ಸಂಜೆ ಕೆಳಗೆ ಅಪ್ಪನ ಕೋಣೆಯ ಚಾವಣಿಯಲ್ಲಿ ಅದೇ ಗೆರೆ.

ಗೋಡೆಗೆ ನೀರು ಹೊಡೆದಾಗ ಏನೂ ಆಗಲಿಲ್ಲ.

ಅಂದರೆ ನಾವು ಮೂರು ಸಲ ಮೆತ್ತಿದ ಸಂದು ಸೋರುವ ಜಾಗವೇ ಅಲ್ಲವಾ?

ಶಿರಸಿ ಮೇಸ್ತ್ರಿ · ಜನವರಿ 20

ಸೋರುವುದು ಅದೇ ಸಂದು ಅಕ್ಕಾ. ಆದರೆ ನೀವು ಮೆತ್ತಿದ್ದು ಅದರ ಮೇಲಿನ ತುಟಿಗೆ. ನಿಜವಾದ ಸಂದು ನಾಲ್ಕೂವರೆ ಇಂಚು ಕೆಳಗಿದೆ, ಗೋಡೆ ಮೋಲ್ಡಿಗೆ ಕೂಡಬೇಕಾದ ಜಾಗದಲ್ಲಿ. ಅಲ್ಲಿ ಗೋಡೆ ಮೋಲ್ಡನ್ನು ಮುಟ್ಟಿಯೇ ಇಲ್ಲ, ನಡುವೆ ಜಲ್ಲಿ ಇದೆ. ತಾರಸಿಯ ಎಲ್ಲೋ ಒಂದು ಮೂಲೆಯ ಬಿರುಕಿನಲ್ಲಿ ಇಳಿದ ನೀರು ಜಲ್ಲಿಯೊಳಗೆ ಹರಡುತ್ತದೆ. ಗೋಡೆಯ ಅಡಿಯಿಂದ ದಾಟಿ ಒಳಗೆ ಬರುತ್ತದೆ. ಬ್ಲಾಕ್ ಅದನ್ನು ಹೀರಿ ಮೇಲೆತ್ತುತ್ತದೆ, ಅದಕ್ಕೇ ಬುಡದ ಒಂದು ಅಡಿ ಬಣ್ಣ ಉಬ್ಬುವುದು. ಮೋಲ್ಡಿನಲ್ಲಿ ಬಿರುಕು ಸಿಕ್ಕಲ್ಲಿ ಅಪ್ಪನ ಕೋಣೆಗೆ ಹನಿ. ನಿಮ್ಮ ತಾರಸಿಯ ಪೈಪುಗಳ ಬಾಯಿ ನೋಡಿ, ಖಂಡಿತ ಗಾರೆಯ ಮೇಲ್ಮಟ್ಟಕ್ಕೆ ಇರುತ್ತವೆ. ಅಡಿಯಲ್ಲಿ ಕೂಡಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಿಳಿ ಲೇಪ ಗುಳ್ಳೆ ಎದ್ದಿದ್ದೂ ಇದರಿಂದಲೇ: ಅಡಿಯಲ್ಲಿ ನೀರು, ಮೇಲೆ ಬಿಸಿಲು. ಆವಿ ಮೇಲಕ್ಕೆ ಬರುವಾಗ ಲೇಪವನ್ನು ಎತ್ತಿತು.

ಇದನ್ನು ನಾನೇ ಮಾಡಿದ್ದೇನೆ, ಅದನ್ನು ಹೇಳಬೇಕು. ಕೆಲಸಕ್ಕೆ ಹೊಸದಾಗಿದ್ದಾಗ ಸಿದ್ದಾಪುರದ ಕಡೆ ಒಂದು ಮನೆಯಲ್ಲಿ ಹಳೇ ಗಾರೆಯ ಮೇಲೇ ಗೋಡೆ ಎಬ್ಬಿಸಿದೆ. ಒಡೆಯುವ ಕೂಲಿ ಉಳಿಯುತ್ತದೆ ಅಂತ ಮನೆಯವರು ಕೇಳಿದರು, ನಾನು ಹೂಂ ಅಂದೆ. ಆ ಮನೆಯ ಅಜ್ಜಿ ಮುಂದಿನ ಮಳೆಗಾಲದಲ್ಲಿ ಪಾತ್ರೆ ಇಟ್ಟುಕೊಂಡು ಕುಳಿತಿದ್ದು ಈಗಲೂ ಕಣ್ಣ ಮುಂದೆ ಇದೆ. ಎರಡು ವರ್ಷ ಬಿಟ್ಟು ಕೂಲಿ ತೆಗೆದುಕೊಳ್ಳದೆ ಸರಿ ಮಾಡಿಕೊಟ್ಟೆ. ಆವಾಗ ಕಲಿತದ್ದನ್ನೇ ಈಗ ಹೇಳುತ್ತಿದ್ದೇನೆ.

ಮೊದಲು ಹಳೇ ಗಾರೆಯನ್ನು ಪೂರ್ತಿ ತೆಗೆಸಿ. 252 ಚದರ ಅಡಿ ಅಷ್ಟೇ. ಬರೀ ಗೋಡೆಯ ಪಕ್ಕ ಎರಡು ಅಡಿ ಪಟ್ಟಿ ತೆಗೆದರೂ ಸ್ವಲ್ಪ ನಡೆಯುತ್ತದೆ. ಆದರೆ ಉಳಿದ ಜಲ್ಲಿ ನೀರು ಕುಡಿದುಕೊಂಡೇ ಇರುತ್ತದೆ. ತೆಗೆದ ಮೇಲೆ ಮೋಲ್ಡನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಬಿಸಿಲಿಗೆ ಬಿಡಿ, ಮೂರು ವಾರ. ಒಣಗಿತಾ ಅಂತ ನೋಡಲು ಎರಡು ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲ.

ಗೋಡೆಯ ಅಡಿಯ ಜಲ್ಲಿ ಸೂಕ್ಷ್ಮದ ಕೆಲಸ. ಒಂದೇ ಸಲ ಪೂರ್ತಿ ಕೆರೆದರೆ ಗೋಡೆ ಕುಸಿಯುತ್ತದೆ, ಅದರ ಮೇಲೆ ಕೋಣೆಯ ಮೋಲ್ಡಿದೆ. ಎರಡು ಅಡಿ ಉದ್ದ ಕೆರೆಯಬೇಕು, ಪಕ್ಕದ ನಾಲ್ಕು ಅಡಿ ಮುಟ್ಟಬಾರದು, ಮತ್ತೆ ಎರಡು ಅಡಿ ಕೆರೆಯಬೇಕು. ಒಳಕ್ಕೆ 3 ಇಂಚು ಮಾತ್ರ. ಅಲ್ಲಿಗೆ ಕುಗ್ಗದ ಗ್ರೌಟನ್ನು (ಸಂದು ತುಂಬುವ ಸಿಮೆಂಟ್ ಮಿಶ್ರಣ) ಗಟ್ಟಿಯಾಗಿ ಕಲಸಿ ಕೋಲಿನಲ್ಲಿ ಗುದ್ದಿ ತುಂಬಬೇಕು. ಮೂರು ದಿನ ಬಿಟ್ಟು ಮುಂದಿನ ಕಂತು. ಕೊನೆಗೆ ಗೋಡೆಯ ಅಡಿಯಲ್ಲಿ ಉದ್ದಕ್ಕೂ ಒಂದು ಕಟ್ಟೆ ಆಗುತ್ತದೆ, ನೀರು ಅದನ್ನು ದಾಟುವುದಿಲ್ಲ. ಶುರು ಮಾಡುವ ಮೊದಲು ಒಬ್ಬ ಇಂಜಿನಿಯರ್ ಬಂದು ನೋಡಲಿ, ದಯವಿಟ್ಟು ಇದನ್ನು ಬಿಡಬೇಡಿ.

ಆಮೇಲೆ ಮೂಲೆ. ಗೋಡೆಯ ಹಳೇ ಪ್ಲಾಸ್ಟರನ್ನು ಬುಡದಿಂದ ಒಂದೂವರೆ ಅಡಿ ಕಿತ್ತು ಬ್ಲಾಕ್ ಕಾಣಿಸಬೇಕು. ಸಿಲಿಕೋನಿನ ಒಂದು ಎಳೆಯೂ ಉಳಿಯಬಾರದು. ಅದರ ಮೇಲೆ ಸಿಮೆಂಟೂ ಹಿಡಿಯುವುದಿಲ್ಲ, ಲೇಪವೂ ಹಿಡಿಯುವುದಿಲ್ಲ. ಗೋಡೆ ಮತ್ತು ಮೋಲ್ಡು ಕೂಡುವ ಮೂಲೆಗೆ ಮೂರು ಇಂಚಿನ ಇಳಿಜಾರು ಗಾರೆ ಕಟ್ಟಿ ದುಂಡಗೆ ಮಾಡಬೇಕು. ನೇರ ಮೂಲೆಗೆ ಲೇಪ ಬಳಿದರೆ ಅಲ್ಲಿ ತೆಳ್ಳಗಾಗುತ್ತದೆ. ಮೋಲ್ಡು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ ಮೊದಲು ಹರಿಯುವುದು ಅಲ್ಲಿಯೇ. ದುಂಡಗಿದ್ದರೆ ಎಳೆತ ಹಂಚಿಹೋಗುತ್ತದೆ. ಗಾರೆ ಹಚ್ಚುವ ಮೊದಲು ಎಸ್‌ಬಿಆರ್ ಹಾಲು (ಸಿಮೆಂಟಿಗೆ ಬೆರೆಸುವ ರಬ್ಬರ್ ದ್ರವ) ಮತ್ತು ಸಿಮೆಂಟ್ ಕಲಸಿ ಬಳಿಯಿರಿ. ಅದು ಹಸಿ ಇರುವಾಗಲೇ ಗಾರೆ ಬೀಳಬೇಕು. ಬರೀ ಸಿಮೆಂಟ್ ಹಾಲು ಹಳೇ ಕಾಂಕ್ರೀಟಿಗೆ ಕೂರುವುದಿಲ್ಲ.

ಲೇಪಕ್ಕೆ ಪುಡಿ ಒಂದು ಡಬ್ಬಿ, ದ್ರವ ಒಂದು ಡಬ್ಬಿ ಬರುವ ಪಾಲಿಮರ್ ಸಿಮೆಂಟ್ ಲೇಪ ಸಾಕು. ಯಾವ ಒಳ್ಳೆ ಕಂಪನಿಯದ್ದಾದರೂ ಆಗುತ್ತದೆ. ಎರಡನ್ನೂ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ, ನೀರು ಸೇರಿಸಲು ಬಿಡಬೇಡಿ. ಕೆಲಸದವರು ಕೈಗೆ ಹಗುರ ಆಗಲಿ ಅಂತ ನೀರು ಹಾಕುತ್ತಾರೆ, ಅಲ್ಲಿಗೆ ಹಾಳು. ಮೊದಲ ಕೈ ಬಳಿದು ಹಸಿ ಇರುವಾಗ ಮೂಲೆಯುದ್ದಕ್ಕೂ ಬಲೆ ಕೂರಿಸಿ. ಎರಡನೇ ಕೈ ಮೊದಲಿನದಕ್ಕೆ ಅಡ್ಡಡ್ಡ. ಮೋಲ್ಡಿನ ಮೇಲೆ ಪೂರ್ತಿ, ಗೋಡೆಯ ಮೇಲೆ ಹೊಸ ತಾರಸಿ ಮಟ್ಟದಿಂದ ಒಂದು ಅಡಿ ಎತ್ತರ.

ಬೆಂಗಳೂರಿನವರು ಹೇಳಿದ ಪಿಯು ಚೆನ್ನಾಗಿರುತ್ತದೆ, ಅವರ ಮಾತು ಸುಳ್ಳಲ್ಲ. ಆದರೆ ಅದಕ್ಕೆ ತಳ ಪೂರ್ತಿ ಒಣಗಿರಬೇಕು. ಸಿಮೆಂಟ್ ಲೇಪಕ್ಕಾದರೆ, ಮೋಲ್ಡು ಒಣಗಿಸಿದ ಮೇಲೂ ಬಳಿಯುವಾಗ ತಳದ ಮೈ ಸ್ವಲ್ಪ ಹಸಿಯೇ ಬೇಕು, ನೀರು ಮಾತ್ರ ನಿಂತಿರಬಾರದು. ನಿಮ್ಮ ಮೋಲ್ಡು ಐದಾರು ವರ್ಷ ನೀರು ಕುಡಿದಿದೆ, ಅದಕ್ಕೆ ಎರಡನೆಯದು ಹೊಂದುತ್ತದೆ. ಟಾರು ಹಾಳೆಯನ್ನು ಈಗಿನ ಒದ್ದೆ ಗಾರೆಯ ಮೇಲೆ ಹಾಕಿದರೆ ಬಿಳಿ ಲೇಪದ ಕಥೆಯೇ ಮತ್ತೆ. ಇಂಜೆಕ್ಷನ್ನು ಕೆಳಗಿನ ಬಿರುಕನ್ನು ಮುಚ್ಚುತ್ತದೆ. ಮೇಲಿನ ನೀರು ಇನ್ನೊಂದು ಬಿರುಕು ಹುಡುಕಿಕೊಳ್ಳುತ್ತದೆ.

ನಿವೃತ್ತ ಇಂಜಿನಿಯರ್, ಮೈಸೂರು · ಜನವರಿ 21

ಮೇಸ್ತ್ರಿಯವರು ಹೇಳಿದ್ದು ಅಕ್ಷರ ಅಕ್ಷರ ಸರಿ. ದುಂಡು ಮೂಲೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಗೋಡೆ ಮತ್ತು ತಾರಸಿ ಕೂಡುವಲ್ಲಿ 75 ಮಿ.ಮೀ.ಗೆ 75 ಮಿ.ಮೀ. 'ಗೋಲಾ' ಅಂತ ಪ್ರತ್ಯೇಕ ಕೆಲಸವೇ ಇದೆ. ಹಾಗಿದ್ದರೂ ಮನೆ ಕಟ್ಟುವವರ ಎಸ್ಟಿಮೇಟಿನಲ್ಲಿ ಅದನ್ನು ನಾನು ಕಂಡದ್ದು ಕಡಿಮೆ. ಲೇಪ ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಹತ್ತಬೇಕು. ನಿಮ್ಮ ಸೀಮೆಗೆ ಒಂದು ಅಡಿಯೇ ಇರಲಿ. ಬೆಂಗಳೂರಿನಲ್ಲಿ ವರ್ಷಕ್ಕೆ 1000 ಮಿ.ಮೀ. ಆಸುಪಾಸು ಮಳೆ. ನಿಮ್ಮ ನೆರೆಯ ಆಗುಂಬೆಯಲ್ಲಿ 7000 ದಾಟುತ್ತದೆ.

ಇನ್ನು ನೀವು ಬರೆಯದೇ ಬಿಟ್ಟ ಒಂದು ಜಾಗ: ಬಾಗಿಲು. ಹೊಸ್ತಿಲು ತಾರಸಿಗಿಂತ ಎಷ್ಟು ಎತ್ತರ ಇದೆ? 14 ಅಡಿ ಗೋಡೆಗೆ ಎಷ್ಟು ಚೆನ್ನಾಗಿ ಲೇಪ ಹತ್ತಿಸಿದರೂ ಬಾಗಿಲಿನ ಮೂರು ಅಡಿಯಲ್ಲಿ ಅದು ತುಂಡಾದರೆ ಉಪಯೋಗವಿಲ್ಲ. ಕನಿಷ್ಠ 4 ಇಂಚು ಬೇಕು. ಲೇಪ ಹೊಸ್ತಿಲಿನ ಕಲ್ಲಿನ ಅಡಿಗೂ ಹೋಗಬೇಕು, ಎರಡೂ ಕಡೆ ಚೌಕಟ್ಟಿನ ಹಿಂದೆಯೂ ಹತ್ತಬೇಕು.

ಕೆಳಗಿನ ಚಾವಣಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿಸಿ. ಟೊಳ್ಳು ಸದ್ದು ಬಂದರೆ ಅಥವಾ ಕಂದು ಕಲೆ ಇದ್ದರೆ ಒಳಗಿನ ಸರಳು ತುಕ್ಕು ಹಿಡಿಯುತ್ತಿರಬಹುದು. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಉದುರಿಸುತ್ತದೆ. ಮಂಚದ ಮೇಲಿನ ಚಾವಣಿ ಅಂದಿರಿ, ಆದ್ದರಿಂದ ಇದನ್ನು ಮೊದಲು ಮಾಡಿ ತಂಗಿ.

ಕೊನೆಯದಾಗಿ, ಲೇಪದ ಮೇಲೆ ಹಾಕುವ ಹೊಸ ವಾಟದ (ನೀರು ಹರಿಯುವ ಇಳಿಜಾರಿನ) ಕಾಂಕ್ರೀಟನ್ನು ಗೋಡೆಗೆ ಅಂಟಿಸಿ ಹಾಕಬೇಡಿ. ಅರ್ಧ ಇಂಚು ಸಂದು ಬಿಡಿಸಿ. ಬಿಸಿಲಿಗೆ ಅದು ಹಿಗ್ಗಿ ಗೋಡೆಯನ್ನು ತಳ್ಳುತ್ತದೆ. ಆ ಸಂದಿಗೆ ಫೋಮ್ ಹಗ್ಗ ತುರುಕಿ ಮೇಲೆ ಕಾಲು ಇಂಚು ದಪ್ಪ ಪಿಯು ಸೀಲೆಂಟ್ ತುಂಬಲಿ. ಹಗ್ಗ ಇದ್ದರೆ ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟುತ್ತದೆ, ಆಗ ಎಳೆದರೆ ಹಿಗ್ಗಲು ಅದಕ್ಕೆ ಜಾಗ ಇರುತ್ತದೆ. ತಳಕ್ಕೂ ಅಂಟಿದರೆ ಹರಿಯುತ್ತದೆ. ವಾಟ ನೂರಕ್ಕೆ ಒಂದು, ಗೋಡೆಯಿಂದ ಆಚೆಗೆ. 18 ಅಡಿಗೆ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಪೈಪಿನ ಬಾಯಿ ಮೋಲ್ಡಿನ ಮಟ್ಟಕ್ಕೇ ಇರಲಿ.

ಸಾಗರದ ಮನೆಯವಳು · ಏಪ್ರಿಲ್ 9

ಕೆಲಸ ಮುಗಿಯಿತು. ಏನೇನಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಹಳೇ ಗಾರೆ ಒಡೆದು ಇಳಿಸಲು ನಾಲ್ಕು ಜನಕ್ಕೆ ಐದು ದಿನ ಬೇಕಾಯಿತು. ಬಿಳಿ ಲೇಪ ಹೋದ ಕಡೆಯೆಲ್ಲ ಅಡಿಯಲ್ಲಿ ಜಲ್ಲಿ ಕೆಸರಿನ ಹಾಗಿತ್ತು. ಇಂಜಿನಿಯರ್ ಹೇಳಿದ ಹಾಗೆ ಅಪ್ಪನ ಕೋಣೆಯ ಚಾವಣಿ ತಟ್ಟಿಸಿದೆವು. ಎರಡು ಕಡೆ ಟೊಳ್ಳು ಸದ್ದು ಬಂತು. ಅಲ್ಲಿ ಒಡೆದು ಸರಳಿನ ತುಕ್ಕು ಉಜ್ಜಿ, ತುಕ್ಕು ತಡೆಯುವ ಲೇಪ ಬಳಿದು, ಪಾಲಿಮರ್ ಗಾರೆ ತುಂಬಿದರು. ಒಂದು ತಟ್ಟೆಯಗಲದ ಕಾಂಕ್ರೀಟ್ ಚಕ್ಕೆ ಕೈಗೇ ಬಂತು, ಮಂಚ ಇದ್ದ ಜಾಗದ ನೇರಕ್ಕೆ. ಸಾರ್, ನೀವು ಅದನ್ನು ಬರೆಯದಿದ್ದರೆ ನಾನು ತಟ್ಟಿಸುತ್ತಲೇ ಇರಲಿಲ್ಲ.

ಗೋಡೆಯ ಅಡಿಯ ಕೆಲಸ ಮೂರು ಕಂತಿನಲ್ಲಿ ಮಾಡಿದರು. ಇಲ್ಲಿನ ಒಬ್ಬ ಇಂಜಿನಿಯರ್ ಮೊದಲ ದಿನ ಬಂದು ಗುರುತು ಹಾಕಿಕೊಟ್ಟರು. ಕೆಲಸದವರು "ಒಂದೇ ಸಲ ಕೆರೆದುಬಿಡೋಣ, ಏನೂ ಆಗಲ್ಲ" ಅಂದರು. ನಾನು ಕುರ್ಚಿ ಹಾಕಿಕೊಂಡು ತಾರಸಿಯಲ್ಲೇ ಕುಳಿತೆ.

ಬಾಗಿಲ ಹೊಸ್ತಿಲು ಬರೀ ಒಂದು ಇಂಚು ಇತ್ತು. ಹೊಸ ತಾರಸಿ ಗೋಡೆಯ ಹತ್ತಿರ ಮೂರೂವರೆ ಇಂಚಿಗೆ ಬಂದಿದ್ದರಿಂದ ಒಂದು ಇಂಚು ತಾನಾಗಿಯೇ ಸಿಕ್ಕಿತು. ಬಾಗಿಲನ್ನು ಕೆಳಗೆ ಕೊಯ್ಯಿಸಿ ಮೂರು ಇಂಚು ಗ್ರಾನೈಟ್ ಹೊಸ್ತಿಲು ಕೂರಿಸಿದೆವು. ಅಮ್ಮ ಇಲ್ಲದ ಮೇಲೆ ಮನೆಯಲ್ಲಿ ಹೊಸ್ತಿಲು ಪೂಜೆ ನಿಂತೇಹೋಗಿತ್ತು. ಆವತ್ತು ಅಪ್ಪನೇ ಅರಿಶಿನ ಕುಂಕುಮ ಹಚ್ಚಿದರು.

ಮಾರ್ಚ್ ಕೊನೆಗೆ ಪೈಪುಗಳನ್ನು ಕಟ್ಟಿ 72 ತಾಸು ನೀರು ನಿಲ್ಲಿಸಿದೆ. ದಿನಕ್ಕೆ ನಾಲ್ಕು ಸಲ ಕೆಳಗೆ ಹೋಗಿ ಚಾವಣಿ ಮುಟ್ಟಿ ನೋಡಿದೆ. ಒಣಗಿಯೇ ಇತ್ತು.

ಒಟ್ಟು 86,000 ರೂಪಾಯಿ ಆಯಿತು, ಚಾವಣಿಯ ರಿಪೇರಿ ಸೇರಿ. ದೊಡ್ಡ ಮೊತ್ತವೇ. ಕಾಲು ಭಾಗ ಹಳೆಯದನ್ನು ಒಡೆದು ಸಾಗಿಸಲಿಕ್ಕೇ ಹೋಯಿತು. 2019ರಲ್ಲಿ ಗೋಡೆಯ ಸಾಲಿನ ಎಂಟು ಇಂಚು ಗಾರೆಯನ್ನು ಅವತ್ತೇ ತೆಗೆದಿದ್ದರೆ ಒಂದು ದಿನದ ಕೂಲಿಯಲ್ಲಿ ಮುಗಿಯುತ್ತಿತ್ತು. ತಾರಸಿಯ ಮೇಲೆ ಕೋಣೆ ಕಟ್ಟುತ್ತಿರುವವರು ಇದನ್ನು ಓದುತ್ತಿದ್ದರೆ, ಬ್ಲಾಕ್ ಇಡುವ ದಿನ ಮೇಲೆ ಹೋಗಿ ನಿಂತುಕೊಳ್ಳಿ. ಬ್ಲಾಕಿನ ಅಡಿಯಲ್ಲಿ ಏನಿದೆ ಅಂತ ಕಣ್ಣಾರೆ ನೋಡಿ.

ಸಾಗರದ ಮನೆಯವಳು · ಜುಲೈ 19

ಆರಿದ್ರಾ ಪೂರ್ತಿ ಸುರಿಯಿತು, ಪುನರ್ವಸು ಅದಕ್ಕಿಂತ ಜೋರು. ನಾಳೆಯಿಂದ ಪುಷ್ಯ. ಅಪ್ಪನ ಚಾವಣಿಯಲ್ಲಿ ಒಂದು ಹನಿ ಇಲ್ಲ. ಮೇಲಿನ ಕೋಣೆಯ ಗೋಡೆಯ ಬುಡ ಒಣಗಿದೆ. ಮಂಚ ಮತ್ತೆ ಅವರ ಕೋಣೆಗೆ ಹೋಯಿತು, ಅವರೇ ಒಂದು ಬದಿ ಹಿಡಿದರು.

ಒಂದೇ ಕಡೆ ಅಂಗೈ ಅಗಲ ತೇವ ಕಾಣಿಸಿದೆ. ಮೇಲಿನ ಕೋಣೆಯ ಪೂರ್ವ ಮೂಲೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ. ನೋಡಿದರೆ ಅಲ್ಲಿ ಟಿವಿ ಡಿಶ್ಶಿನ ವೈರಿಗೆ ಕೊರೆದ ತೂತು. ಲೇಪ ನಿಂತಿದ್ದು ಅದಕ್ಕಿಂತ ಕೆಳಗೆ. ಹೊರಗಿನಿಂದ ಎರಚಲು ಹೊಡೆದಾಗ ವೈರಿನ ಗುಂಟ ನೀರು ಒಳಗೆ ಬರುತ್ತಿದೆ. ಸದ್ಯಕ್ಕೆ ಮೇಲೆ ಒಂದು ತಗಡು ಕಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಅದಕ್ಕೆ ಏನು ಮಾಡಲಿ ಮೇಸ್ತ್ರಿಯಣ್ಣಾ?

ಶಿರಸಿ ಮೇಸ್ತ್ರಿ · ಜುಲೈ 19

ಅಪ್ಪ ಮಂಚ ಹಿಡಿದರು ಅಂತ ಓದಿ ತುಂಬಾ ಸಂತೋಷವಾಯಿತು ಅಕ್ಕಾ.

ಆ ತೂತು ಒಳಗಿನಿಂದ ಹೊರಗೆ ಇಳಿಜಾರಾಗಿ ಇರಬೇಕು. ನಿಮ್ಮದು ಬಹುಶಃ ಒಳಗಿಳಿದಿದೆ. ಅಕ್ಟೋಬರ್ ಕಳೆದ ಮೇಲೆ ಹಳೇ ತೂತು ಗಟ್ಟಿ ಮುಚ್ಚಿಸಿ. ಪಕ್ಕದಲ್ಲಿ ಒಳಗಿನಿಂದ ಕೊರೆಸಿ, ಹೊರಗಿನ ಬಾಯಿ ಅರ್ಧ ಇಂಚು ಕೆಳಗಿರಲಿ. ಅದಕ್ಕೆ ಸಣ್ಣ ಪಿವಿಸಿ ಪೈಪು ತೂರಿಸಿ, ಸುತ್ತ ಪಿಯು ಸೀಲೆಂಟ್. ಹೊರಗೆ ವೈರು ನೇರ ಒಳಗೆ ಬರಬಾರದು. ತೂತಿಗಿಂತ ಕೆಳಗೆ ಒಂದು ಬಳಕು ಬಿಟ್ಟು ಮೇಲೆ ಬರಲಿ. ವೈರಿನ ಗುಂಟ ಬಂದ ನೀರು ಆ ಬಳಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ತಗಡಿನ ಮೇಲಂಚು ಗೋಡೆಗೆ ಸರಿಯಾಗಿ ಒತ್ತಿಕೊಂಡಿದೆಯಾ ಅಂತ ಇವತ್ತು ಸಂಜೆಯೇ ಒಮ್ಮೆ ನೋಡಿಬಿಡಿ.